ಕಮಿಷನ್ನೂ ಸಂಬಳವೇ: ಏಳು ತಿಂಗಳ ಬಾಕಿಯನ್ನು ನಾವು ವಸೂಲು ಮಾಡಿದ ಬಗೆ

ಹುಬ್ಬಳ್ಳಿಯ ಶಾಖೆಯೊಂದರಲ್ಲಿ ನಾನು ಆರು ವರ್ಷ ಮನೆಮನೆಗೆ ಹೋಗಿ ನೀರು ಶುದ್ಧೀಕರಿಸುವ ಯಂತ್ರಗಳನ್ನು ಮಾರಿದ್ದೇನೆ. ತಿಂಗಳಿಗೆ 12,000 ರೂಪಾಯಿ ನಿಗದಿತ ಸಂಬಳವಿತ್ತು. ಅದರ ಮೇಲೆ, ತಿಂಗಳೊಂದರಲ್ಲಿ ಗ್ರಾಹಕರ ಮನೆಯಲ್ಲಿ ಕೂರಿಸಿದ ಮೊದಲ 15 ಯಂತ್ರಗಳಿಗೆ ತಲಾ 900 ರೂಪಾಯಿ, ಹದಿನೈದು ದಾಟಿದ ಪ್ರತಿ ಯಂತ್ರಕ್ಕೆ 1,200 ರೂಪಾಯಿ ಕಮಿಷನ್. ಮನೆ ಬಾಡಿಗೆ ಮತ್ತು ರೇಷನ್ನು ಸಂಬಳದಲ್ಲಿ ಮುಗಿಯುತ್ತಿತ್ತು. ಪೆಟ್ರೋಲು, ಮಕ್ಕಳ ಶಾಲೆಯ ಶುಲ್ಕ, ಊರಿನಲ್ಲಿದ್ದ ತಾಯಿಯ ಔಷಧಿ ಎಲ್ಲವೂ ಕಮಿಷನ್ನಿನ ಹಣದಲ್ಲೇ ನಡೆಯಬೇಕಿತ್ತು. ಪ್ರತಿ ತಿಂಗಳು 20ನೇ ತಾರೀಖಿನೊಳಗೆ ಬರುತ್ತಿದ್ದ ಆ ಹಣ 2018ರ ಆಗಸ್ಟ್ ತಿಂಗಳ ಲೆಕ್ಕದಿಂದ ನಿಂತುಹೋಯಿತು.

ಒಂದೇ ಸಲಕ್ಕೆ ಕೊಡುವುದಿಲ್ಲವೆಂದು ಯಾರೂ ಹೇಳಲಿಲ್ಲ. ಮೊದಲ ತಿಂಗಳು ತಂತ್ರಾಂಶ ಬದಲಾಗುತ್ತಿದೆ ಎಂದರು, ಎರಡನೆಯ ತಿಂಗಳು ಮುಖ್ಯ ಕಚೇರಿಯ ಒಪ್ಪಿಗೆ ಬಾಕಿ ಇದೆ ಎಂದರು, ಮೂರನೆಯ ತಿಂಗಳು ಕಂತು ಕಟ್ಟದ ಗ್ರಾಹಕರ ಯಂತ್ರಗಳನ್ನು ಲೆಕ್ಕದಿಂದ ತೆಗೆಯಬೇಕಾಗಿದೆ ಎಂದರು. ನಮ್ಮ ಏರಿಯಾ ಮ್ಯಾನೇಜರ್ ಕೆಟ್ಟ ಮನುಷ್ಯನಲ್ಲ. ಅವರಿಗೂ ಬರಬೇಕಾದದ್ದು ಬಂದಿರಲಿಲ್ಲ. "ಮುಂದಿನ ತಿಂಗಳ ಎಲ್ಲಾ ಕೂಡಿಸಿ ಹಾಕ್ತಾರಂತ್ರಿ, ಹಬ್ಬದ ಸೀಜನ್ ಕೈ ಬಿಡಬ್ಯಾಡ್ರಿ" ಎಂದು ಅವರು ಹೇಳಿದ ಮಾತನ್ನು ನಂಬಿ, ದಸರಾ ದೀಪಾವಳಿಯ ಆ ಎರಡು ತಿಂಗಳಲ್ಲಿ ನಾನು 40 ಯಂತ್ರಗಳನ್ನು ಕೂರಿಸಿದೆ. ಅಷ್ಟರಲ್ಲಿ ಬಂದದ್ದು ಮುಂಗಡವೆಂದು ಹಾಕಿದ 22,500 ರೂಪಾಯಿ ಮಾತ್ರ. 2019ರ ಫೆಬ್ರುವರಿ ಕೊನೆಗೆ ನಾನು ರಾಜೀನಾಮೆ ಕೊಟ್ಟೆ. ಮರುದಿನ ಬೆಳಿಗ್ಗೆ ಮೊಬೈಲಿನಲ್ಲಿದ್ದ ಕಂಪನಿಯ ಆ್ಯಪ್ ತೆರೆಯಲಿಲ್ಲ. ಆರು ವರ್ಷದ ನನ್ನ ಮಾರಾಟದ ಲೆಕ್ಕವೆಲ್ಲ ಅದರೊಳಗಿತ್ತು.

ಬಾಕಿ ಇದ್ದವರು ಒಟ್ಟು 11 ಜನ. ನಾವು ಮೊದಲು ಮಾಡಿದ್ದು ತಪ್ಪು ಕೆಲಸ. ಎಲ್ಲರೂ ಸೇರಿ, ನಮಗೆ ಸುಮಾರು ಎಂಟು ಲಕ್ಷ ರೂಪಾಯಿ ಬರಬೇಕಿದೆ, ದಯವಿಟ್ಟು ಕೊಡಿ ಎಂದು ಒಂದು ಪತ್ರ ಬರೆದೆವು. ಅದಕ್ಕೆ ಬಂದ ಉತ್ತರ ಎರಡೇ ಸಾಲು: ನೀವು ಹೇಳುವ ಮೊತ್ತಕ್ಕೆ ಆಧಾರವಿಲ್ಲ, ಕಂಪನಿಯ ದಾಖಲೆಗಳ ಪ್ರಕಾರ ನಿಮಗೆ ಯಾವ ಬಾಕಿಯೂ ಇಲ್ಲ. "ಸುಮಾರು" ಎಂಬ ಒಂದು ಶಬ್ದ ಎದುರಿನವರಿಗೆ ಎಷ್ಟು ಅನುಕೂಲ ಮಾಡಿಕೊಡುತ್ತದೆ ಎಂಬುದು ನನಗೆ ತಿಳಿದದ್ದು ಅಂದು.

ನಮಗೆ ದಾರಿ ತೋರಿಸಿದವರು ಔಷಧ ಪ್ರತಿನಿಧಿಗಳ ಸಂಘದ ಹಿರಿಯರೊಬ್ಬರು. ಅದಕ್ಕೂ ಮೊದಲು ನಾವು ಭೇಟಿಯಾದ ವಕೀಲರು, ಮಾರಾಟ ಮಾಡುವವರು ಕಾನೂನಿನ ಕಣ್ಣಿನಲ್ಲಿ ಕಾರ್ಮಿಕರಲ್ಲ, ಆದ್ದರಿಂದ ಸಿವಿಲ್ ದಾವೆಯೇ ಗತಿ ಎಂದಿದ್ದರು. ಅವರ ಮಾತಿಗೆ ಆಧಾರವಿತ್ತು. ಎಚ್.ಆರ್. ಅಡ್ಯಂತಾಯ ಮತ್ತು ಸ್ಯಾಂಡೋಜ್ ಕಂಪನಿಯ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 1994ರಲ್ಲಿ, ಔಷಧ ಪ್ರತಿನಿಧಿಗಳ ಕೆಲಸವು ಕೈಗಾರಿಕಾ ವಿವಾದ ಕಾಯ್ದೆಯ 'ಕಾರ್ಮಿಕ' ಎಂಬ ವ್ಯಾಖ್ಯೆಯೊಳಗೆ ತಾನಾಗಿಯೇ ಬರುವುದಿಲ್ಲ ಎಂದು ಹೇಳಿದೆ. ಆದರೆ ಸಂಘದ ಹಿರಿಯರು ನಮ್ಮ ಮುಂದಿಟ್ಟದ್ದು ಇನ್ನೊಂದು ಕಾಯ್ದೆಯನ್ನು: 1976ರ ಮಾರಾಟ ಪ್ರವರ್ತನ (ಸೇಲ್ಸ್ ಪ್ರಮೋಷನ್) ನೌಕರರ ಸೇವಾ ಷರತ್ತುಗಳ ಕಾಯ್ದೆ. ಅದರ 6ನೇ ಕಲಮು ಕೈಗಾರಿಕಾ ವಿವಾದ ಕಾಯ್ದೆಯ ರಕ್ಷಣೆಯನ್ನು ಮಾರಾಟ ಪ್ರವರ್ತನ ನೌಕರರಿಗೂ ವಿಸ್ತರಿಸಿತ್ತು. ಮೊದಲು ಅದು ಔಷಧ ಉದ್ಯಮಕ್ಕಷ್ಟೇ ಸೀಮಿತವಾಗಿತ್ತು. 2011ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯು ಸಿದ್ಧ ಉಡುಪು, ಬಿಸ್ಕತ್ತು, ಬಣ್ಣ, ವಾಹನ, ಎಲೆಕ್ಟ್ರಾನಿಕ್ಸ್ ಮುಂತಾದ ಹತ್ತು ಉದ್ಯಮಗಳನ್ನು ಅದರೊಳಗೆ ತಂದಿತು. ಆ ಹತ್ತರಲ್ಲಿ ವಿದ್ಯುತ್ ಉಪಕರಣಗಳೂ ಒಂದು. ನಮ್ಮ ಯಂತ್ರ ವಿದ್ಯುತ್ತಿನಿಂದ ನಡೆಯುವಂಥದ್ದು. ಎಂಟು ವರ್ಷಗಳಿಂದ ನಮ್ಮ ಪರವಾಗಿ ಒಂದು ಅಧಿಸೂಚನೆ ಇದ್ದರೂ ನಮ್ಮಲ್ಲಿ ಒಬ್ಬರಿಗೂ ಅದರ ಸುಳಿವಿರಲಿಲ್ಲ.

ಅದಕ್ಕಿಂತ ದೊಡ್ಡ ಆಧಾರ ಕೈಗಾರಿಕಾ ವಿವಾದ ಕಾಯ್ದೆಯ ಒಳಗೇ ಇತ್ತು. ಅದರ 2(ಆರ್‌ಆರ್) ಕಲಮಿನಲ್ಲಿ ವೇತನ ಎಂದರೇನು ಎಂದು ವಿವರಿಸುವಾಗ, ಮಾರಾಟದ ಅಥವಾ ವ್ಯವಹಾರದ ಪ್ರವರ್ತನೆಗಾಗಿ ಕೊಡಬೇಕಾದ ಕಮಿಷನ್ನೂ ಅದರಲ್ಲಿ ಸೇರುತ್ತದೆ ಎಂದು ಸ್ಪಷ್ಟವಾಗಿ ಹೇಳಿತ್ತು. ಕಮಿಷನ್ ಎಂದರೆ ಕಂಪನಿ ಖುಷಿಯಿಂದ ಕೊಡುವ ಬಹುಮಾನ ಎಂದು ಆರು ವರ್ಷ ಸಭೆಸಭೆಗಳಲ್ಲಿ ಕೇಳಿಕೊಂಡು ಬಂದಿದ್ದ ನನಗೆ, ಆ ಒಂದು ಸಾಲನ್ನು ಓದಿದಾಗ ಬೆನ್ನು ನೆಟ್ಟಗಾದಂತೆ ಆಯಿತು.

ವೇತನ ಪಾವತಿ ಕಾಯ್ದೆಯ ದಾರಿಯೂ ಇತ್ತು. ಆದರೆ ಅದು ಆಗ ತಿಂಗಳಿಗೆ 24,000 ರೂಪಾಯಿಯವರೆಗಿನ ವೇತನದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಕಮಿಷನ್ನೂ ಸೇರಿದರೆ ನಮ್ಮಲ್ಲಿ ಹೆಚ್ಚಿನವರು ಆ ಮಿತಿಯನ್ನು ದಾಟುತ್ತಿದ್ದೆವು. ಹೀಗಾಗಿ ಕೈಗಾರಿಕಾ ವಿವಾದ ಕಾಯ್ದೆಯ 33ಸಿ(2) ಕಲಮಿನಡಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗುವುದೆಂದು ನಿಶ್ಚಯಿಸಿದೆವು. ಈ ಕಲಮಿಗೆ ಒಂದು ಕಟ್ಟುಪಾಡಿತ್ತು. ಮೊದಲೇ ಇರುವ ಹಕ್ಕಿನ ಮೊತ್ತವೆಷ್ಟು ಎಂದು ಲೆಕ್ಕ ಹಾಕಿಕೊಡುವುದು ಇಲ್ಲಿ ನ್ಯಾಯಾಲಯದ ಕೆಲಸವೇ ಹೊರತು, ಹಕ್ಕು ಇದೆಯೋ ಇಲ್ಲವೋ ಎಂದು ಹೊಸದಾಗಿ ತೀರ್ಮಾನಿಸುವುದಾಗಿರಲಿಲ್ಲ. ಆದ್ದರಿಂದ ಈ ದರದಲ್ಲಿ ಕಮಿಷನ್ ಪಡೆಯುವುದು ನಮ್ಮ ಸ್ಥಾಪಿತ ಹಕ್ಕು ಎಂಬುದನ್ನು ಕಾಗದದಲ್ಲಿ ತೋರಿಸಬೇಕಿತ್ತು. ಆದರೆ ನಮ್ಮ ನೇಮಕಾತಿ ಪತ್ರಗಳಲ್ಲಿ ಇದ್ದದ್ದು "ಕಂಪನಿಯ ನೀತಿಯಂತೆ ಪ್ರೋತ್ಸಾಹಧನ" ಎಂಬಷ್ಟೇ.

ಅದನ್ನು ತೋರಿಸಿಕೊಟ್ಟದ್ದು ಬ್ಯಾಂಕಿನ ಪಾಸ್‌ಬುಕ್. ಕೆಲಸಕ್ಕೆ ಸೇರಿದಂದಿನಿಂದ ನನಗೆ ಡೈರಿ ಬರೆಯುವ ಅಭ್ಯಾಸವಿತ್ತು. ಯಾವ ದಿನ ಯಾವ ಓಣಿಯಲ್ಲಿ ಯಾರ ಮನೆಗೆ ಯಾವ ಕ್ರಮಸಂಖ್ಯೆಯ ಯಂತ್ರ ಹೋಯಿತು ಎಂಬುದು ಅದರಲ್ಲಿತ್ತು. ಹಣ ನಿಲ್ಲುವುದಕ್ಕೆ ಮುಂಚಿನ 16 ತಿಂಗಳ ಡೈರಿಯ ಎಣಿಕೆಯನ್ನು 900 ಮತ್ತು 1,200ರ ದರಕ್ಕೆ ಗುಣಿಸಿ, ಪಾಸ್‌ಬುಕ್ಕಿನಲ್ಲಿ ಜಮೆಯಾದ ಮೊತ್ತದ ಪಕ್ಕದಲ್ಲಿ ಬರೆದೆವು. ಹದಿನಾರರಲ್ಲಿ ಹದಿನಾಲ್ಕು ತಿಂಗಳು ರೂಪಾಯಿಗೆ ರೂಪಾಯಿ ತಾಳೆಯಾಯಿತು. ಉಳಿದ ಎರಡು ತಿಂಗಳಲ್ಲಿ ಒಂದೊಂದು ಯಂತ್ರದ ವ್ಯತ್ಯಾಸ. ದರ ಏನಿತ್ತು ಎಂಬುದನ್ನು ಕಂಪನಿಯೇ ತನ್ನ ಪಾವತಿಯಿಂದ ಒಪ್ಪಿಕೊಂಡಂತೆ ಆಗಿತ್ತು.

ಡೈರಿ ಬರೆಯದ ಸಹೋದ್ಯೋಗಿಗಳ ಲೆಕ್ಕ ಕಷ್ಟವಾಯಿತು. ಯಂತ್ರ ಕೂರಿಸಿದ ಮೇಲೆ ಗ್ರಾಹಕರನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆದು ಶಾಖೆಯ ವಾಟ್ಸಾಪ್ ಗುಂಪಿಗೆ ಹಾಕಬೇಕೆಂಬ ನಿಯಮವಿದ್ದದ್ದು ಅವರನ್ನು ಉಳಿಸಿತು. ವಿದ್ಯಾನಗರದ ಒಂದು ಬಾಡಿಗೆ ಕೋಣೆಯಲ್ಲಿ ಐದು ಭಾನುವಾರ ಕುಳಿತೆವು. ಒಬ್ಬರು ಫೋಟೋವನ್ನು ಹಿಗ್ಗಿಸಿ ಯಂತ್ರದ ಬದಿಯ ಚೀಟಿಯಲ್ಲಿನ ಕೊನೆಯ ನಾಲ್ಕು ಅಂಕಿ ಓದುವುದು, ಇನ್ನೊಬ್ಬರು ತಾರೀಖು ಹೇಳುವುದು, ನಾನು ಉದ್ದನೆಯ ಲೆಡ್ಜರಿನಲ್ಲಿ ಬರೆಯುವುದು. ಎಷ್ಟೋ ಫೋಟೋಗಳಲ್ಲಿ ಗ್ರಾಹಕರ ಕೈಯೋ ಸೆರಗೋ ಅಡ್ಡ ಬಂದು ಅಂಕಿ ಕಾಣುತ್ತಿರಲಿಲ್ಲ. ಅಂಥ ಮನೆಗಳಿಗೆ ಮತ್ತೆ ಹೋದೆವು. ಕೇಶ್ವಾಪುರದ ಒಂದು ಮನೆಯ ಬಾಗಿಲು ತಟ್ಟಿ ಸಂಕೋಚದಿಂದ ವಿಷಯ ಹೇಳಿದಾಗ, ಆ ತಾಯಿ, "ನಮ್ಮನಿಗೆ ಮಷೀನ್ ಕೊಟ್ಟವರು ನೀವs ಅಲ್ರಿ ಅಣ್ಣಾರ? ಬರ್ರಿ ಒಳಗ, ಕಾರ್ಡ್ ಅಲ್ಲೇ ಐತಿ" ಎಂದು ಅಡುಗೆಮನೆಯ ಕಪಾಟಿನ ಬಾಗಿಲು ತೆರೆದರು. ಒಳಬದಿಗೆ ಅಂಟಿಸಿದ್ದ ಸರ್ವಿಸ್ ಕಾರ್ಡಿನಲ್ಲಿ ಯಂತ್ರದ ಕ್ರಮಸಂಖ್ಯೆ, ಕೂರಿಸಿದ ದಿನ, ನನ್ನ ಸಹೋದ್ಯೋಗಿಯ ಸಹಿ ಎಲ್ಲವೂ ಇದ್ದವು; ಎಣ್ಣೆಯ ಕಲೆ ಬಿದ್ದಿದ್ದರೂ ಒಂದಂಕಿಯೂ ಅಳಿಸಿರಲಿಲ್ಲ. ಆ ದಿನ ನನ್ನ ಜೊತೆಗಿದ್ದ ಅವರು ಮೆಟ್ಟಿಲಿಳಿಯುವಾಗ ಕಣ್ಣೊರೆಸಿಕೊಂಡರು.

ಹೀಗೆ ನನ್ನ ಪಟ್ಟಿ ಸಿದ್ಧವಾಯಿತು. ಏಳು ತಿಂಗಳಲ್ಲಿ 112 ಯಂತ್ರಗಳು, ಕಮಿಷನ್ 1,04,700 ರೂಪಾಯಿ, ಮುಂಗಡ ಕಳೆದು ಬರಬೇಕಾದದ್ದು 82,200. ಒಂದು ಯಂತ್ರಕ್ಕೆ ಒಂದು ಸಾಲು, ಪ್ರತಿ ಸಾಲಿನ ತುದಿಯಲ್ಲಿ ಅದರ ಪುರಾವೆಯ ಸಂಖ್ಯೆ.

ನ್ಯಾಯಾಲಯಕ್ಕೆ ಹೋಗುವ ಮುನ್ನ ಕಾರ್ಮಿಕ ಅಧಿಕಾರಿಗಳು ಎರಡೂ ಕಡೆಯವರನ್ನು ಮೂರು ಬಾರಿ ಕರೆಸಿದರು. ಎರಡನೆಯ ಸಭೆಯ ಹಿಂದಿನ ಸಂಜೆ ಕಂಪನಿಯವರು ನಮ್ಮನ್ನು ಒಬ್ಬೊಬ್ಬರನ್ನಾಗಿ ಫೋನಿನಲ್ಲಿ ಕರೆದು, ಪೂರ್ಣ ಮತ್ತು ಅಂತಿಮ ಲೆಕ್ಕವೆಂಬ ಒಂದು ಹಾಳೆಗೆ ಸಹಿ ಹಾಕಿದರೆ ಅಂದೇ ಚೆಕ್ ಕೊಡುವುದಾಗಿ ಹೇಳಿದರು. ಇನ್ನು ಮುಂದೆ ನನಗೆ ಯಾವ ಬಾಕಿಯೂ ಇಲ್ಲ ಎಂಬ ಸಾಲು ಆ ಹಾಳೆಯ ಕೊನೆಯಲ್ಲಿತ್ತು. ಮೂವರು ಸಹಿ ಹಾಕಿದರು. ಅವರಲ್ಲಿ ಒಬ್ಬರಿಗೆ 70,000ಕ್ಕೂ ಹೆಚ್ಚು ಬರಬೇಕಿತ್ತು. ಅವರು 14,000ಕ್ಕೆ ಒಪ್ಪಿದರು, ಏಕೆಂದರೆ ಮರುದಿನ ಮಗಳ ಶಸ್ತ್ರಚಿಕಿತ್ಸೆಗೆ ಹಣ ಕಟ್ಟಬೇಕಿತ್ತು. ನಮ್ಮೊಳಗೆ ಕೆಲವರು ಅವರನ್ನು ನಿಂದಿಸಿದ್ದು ನನಗೆ ಇಂದಿಗೂ ನೋವಿನ ಸಂಗತಿ. ನಾವು ಮೊದಲೇ ತಲಾ ಸಾವಿರ ರೂಪಾಯಿ ಸೇರಿಸಿ ಇಟ್ಟಿದ್ದರೆ ಅವರನ್ನು ಉಳಿಸಿಕೊಳ್ಳಬಹುದಿತ್ತು. ಆ ನಿಧಿಯನ್ನು ನಾವು ಆರಂಭಿಸಿದ್ದು ಅವರು ಹೋದ ಮೇಲೆ.

ಉಳಿದ ಎಂಟು ಜನ 2019ರ ಕೊನೆಯಲ್ಲಿ ಹುಬ್ಬಳ್ಳಿಯ ಕಾರ್ಮಿಕ ನ್ಯಾಯಾಲಯದಲ್ಲಿ ಅರ್ಜಿ ಹಾಕಿದೆವು. ಮೂರು ತಿಂಗಳೊಳಗೆ ತೀರ್ಮಾನಿಸಬೇಕೆಂದು ಕಾಯ್ದೆ ಹೇಳುತ್ತಿತ್ತು. ಕೊರೊನಾ ಬಂತು, ನಮಗೆ ಎರಡು ವರ್ಷ ಹಿಡಿಯಿತು. ಕಂಪನಿಯ ವಾದ ಎರಡು. ಒಂದು, ಇವರು ನೌಕರರಲ್ಲ, ಕಮಿಷನ್ ಏಜೆಂಟರು. ಇದಕ್ಕೆ ನಾವು ಭವಿಷ್ಯನಿಧಿಯ ಪಾಸ್‌ಬುಕ್ ಹಾಜರುಪಡಿಸಿದೆವು: ಏಜೆಂಟರಾಗಿದ್ದರೆ ಪ್ರತಿ ತಿಂಗಳು ಮಾಲೀಕರ ಪಾಲಿನ ವಂತಿಗೆ ಕಟ್ಟಿದ್ದು ಏಕೆ? ನಮ್ಮಲ್ಲಿ ಹಿರಿಯರೊಬ್ಬರ ಆದಾಯ ತೆರಿಗೆ ದಾಖಲೆಯಲ್ಲಿ ತೆರಿಗೆ ಕಡಿತವು ಸಂಬಳಕ್ಕೆ ಅನ್ವಯಿಸುವ 192ನೇ ಕಲಮಿನಡಿ ಆಗಿತ್ತೇ ಹೊರತು ಕಮಿಷನ್ ದಲ್ಲಾಳಿಗಳಿಗೆ ಅನ್ವಯಿಸುವ 194ಎಚ್ ಅಡಿಯಲ್ಲಿ ಆಗಿರಲಿಲ್ಲ. ಈ ಎರಡು ಕಾಗದಗಳು ನಮ್ಮ ಎಷ್ಟೋ ಮಾತುಗಳಿಗಿಂತ ಹೆಚ್ಚು ಕೆಲಸ ಮಾಡಿದವು.

ಎರಡನೆಯ ವಾದ, ನನ್ನ 112 ಯಂತ್ರಗಳಲ್ಲಿ 31 ರದ್ದಾಗಿವೆ ಎಂಬುದು. ಪಾಟಿಸವಾಲಿನಲ್ಲಿ ಕಂಪನಿಯ ವಕೀಲರು ಒಂದೊಂದೇ ಹೆಸರು ಓದಿ ಕೇಳುತ್ತಾ ಹೋದರು. ಗೊತ್ತಿದ್ದದ್ದಕ್ಕೆ ಗೊತ್ತು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ. ಎರಡು ಯಂತ್ರಗಳು ವಾಪಸಾದದ್ದು ನನಗೇ ತಿಳಿದಿತ್ತು, ಅದನ್ನು ಒಪ್ಪಿಕೊಂಡೆ. ಒಪ್ಪಿಕೊಂಡದ್ದರಿಂದ ನಷ್ಟವಾಗಲಿಲ್ಲ, ಉಳಿದ ಸಾಲುಗಳ ಮೇಲೆ ನ್ಯಾಯಾಧೀಶರಿಗೆ ನಂಬಿಕೆ ಬಂತು ಎಂದೇ ನನ್ನ ಅನಿಸಿಕೆ. ಆ್ಯಪಿನ ದಾಖಲೆಗಳನ್ನು ಹಾಜರುಪಡಿಸಲು ನ್ಯಾಯಾಲಯ ಹೇಳಿದಾಗ, ಹಳೆಯ ಮಾಹಿತಿ ಉಳಿದಿಲ್ಲ ಎಂದು ಕಂಪನಿ ಉತ್ತರಿಸಿತು. ವಾಪಸಾತಿಯ ರಸೀದಿ ಸಿಕ್ಕಿದ್ದು ಆರು ಯಂತ್ರಗಳಿಗೆ ಮಾತ್ರ. ಅವೆಲ್ಲವೂ ಹದಿನೈದು ದಾಟದ ತಿಂಗಳುಗಳವಾದ್ದರಿಂದ ತಲಾ 900ರಂತೆ 5,400 ಕಳೆದು, ನನಗೆ 76,800 ರೂಪಾಯಿ ಬರಬೇಕೆಂದು ಆದೇಶವಾಯಿತು. ವಾಟ್ಸಾಪ್ ಮುದ್ರಿತ ಪ್ರತಿಗಳಿಗೆ ಸಾಕ್ಷ್ಯ ಅಧಿನಿಯಮದ 65ಬಿ ಕಲಮಿನ ಪ್ರಮಾಣಪತ್ರ (ಪ್ರತಿಯನ್ನು ಯಾವ ಫೋನಿನಿಂದ, ಹೇಗೆ ತೆಗೆದದ್ದು ಎಂದು ದೃಢೀಕರಿಸುವ ಕಾಗದ) ಲಗತ್ತಿಸದಿದ್ದ ನಮ್ಮ ಇಬ್ಬರಿಗೆ ಅರ್ಧದಷ್ಟೂ ಸಿಗಲಿಲ್ಲ. ಅದು ನಮ್ಮದೇ ಅಜಾಗರೂಕತೆ. ಈಗ ಅದೇ ಪ್ರಮಾಣಪತ್ರವನ್ನು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಕೊಡಬೇಕು. ಫೋನನ್ನು ಮಾರುವ, ಬದಲಿಸುವ ಮೊದಲು ಇದನ್ನು ನೆನಪಿಡಬೇಕು.

ಆದೇಶ ಬಂದ ಮೇಲೂ ಹಣ ಬರಲಿಲ್ಲ. ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಜಿಲ್ಲಾಧಿಕಾರಿಗಳಿಗೆ ಪ್ರಮಾಣಪತ್ರ ಹೋಗಬೇಕೆಂದು ಮತ್ತೆ ಅರ್ಜಿ, ಮತ್ತೆ ಎಂಟು ತಿಂಗಳು ಓಡಾಟ. ಕಂಪನಿಯ ಬ್ಯಾಂಕ್ ಖಾತೆಗೆ ನೋಟಿಸು ಹೋದ ವಾರದಲ್ಲೇ ಹಣ ಜಮೆಯಾಯಿತು.

2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯ್ದೆಗಳ ಜಾಗದಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಮಾರಾಟ ಪ್ರವರ್ತನ ನೌಕರರನ್ನು ಅವು ಕಾರ್ಮಿಕರೆಂದು ಒಪ್ಪುತ್ತವೆ; ಕೆಲಸ ಬಿಟ್ಟವರಿಗೆ ಎರಡು ಕೆಲಸದ ದಿನಗಳೊಳಗೆ ವೇತನ ಕೊಡಬೇಕು, ತಕರಾರಿನ ಅರ್ಜಿಗೆ ಮೂರು ವರ್ಷ ಕಾಲಾವಕಾಶವಿದೆ, ಬಾಕಿ ಕೊಟ್ಟಿದ್ದೇವೆಂದು ಸಾಬೀತುಪಡಿಸುವ ಹೊಣೆ ಮಾಲೀಕರದ್ದು. ಇವೆಲ್ಲ ಒಳ್ಳೆಯವು. ಆದರೆ ಕಮಿಷನ್ನೂ ವೇತನದಲ್ಲಿ ಸೇರುತ್ತದೆ ಎಂಬ, ನಮಗೆ ಆಸರೆಯಾಗಿದ್ದ ಆ ಸಾಲು ಹೋಗಿದೆ. ಹೊಸ ವ್ಯಾಖ್ಯೆಯು ಕಮಿಷನ್ನನ್ನು ವೇತನದ ಹೊರಗಿಟ್ಟಿದೆ. ಹೀಗೆ ಹೊರಗಿಟ್ಟ ಬಾಬುಗಳು ಒಟ್ಟು ಪ್ರತಿಫಲದ ಅರ್ಧವನ್ನು ಮೀರಿದರೆ ಮೀರಿದಷ್ಟು ಭಾಗ ಮಾತ್ರ ವೇತನಕ್ಕೆ ಸೇರುತ್ತದೆ. 12,000 ಸಂಬಳದ ಮೇಲೆ 15,000 ಕಮಿಷನ್ ದುಡಿಯುವವರಿಗೆ ಸೇರುವುದು 1,500 ಮಾತ್ರ. ನನ್ನ ದೃಷ್ಟಿಯಲ್ಲಿ ಇದು ಮಾರಾಟದ ಕೆಲಸದವರಿಗೆ ಆಗಿರುವ ದೊಡ್ಡ ಅನ್ಯಾಯ. ಆದ್ದರಿಂದಲೇ ಕೆಲಸಕ್ಕೆ ಸೇರುವಾಗ ಕಮಿಷನ್ನಿನ ದರವನ್ನು, ಅದು ಯಾವ ದಿನ ಕೈಗೆ ಬರಬೇಕೆಂಬುದನ್ನು, ರದ್ದತಿಯ ನಿಯಮವನ್ನು ನೇಮಕಾತಿ ಪತ್ರದಲ್ಲೇ ಬರೆಸಿಕೊಳ್ಳುವುದು ಈಗ ಮೊದಲಿಗಿಂತ ಅಗತ್ಯವಾಗಿದೆ.

ಕಳೆದ ತಿಂಗಳು ಗೋಕುಲ ರಸ್ತೆಯ ಒಂದು ಮಳಿಗೆಯಲ್ಲಿ ಟಿ.ವಿ. ಮಾರುವ ಇಬ್ಬರು ಹುಡುಗರು ನಮ್ಮ ಮನೆಗೆ ಬಂದಿದ್ದರು. ಐದು ತಿಂಗಳ ಕಮಿಷನ್ ಬಂದಿಲ್ಲವಂತೆ. ಅವರ ಬಳಿ ಡೈರಿ ಇರಲಿಲ್ಲ, ಬಿಲ್ಲುಗಳ ಫೋಟೋ ಇದ್ದವು. ಆ ಹಳೆಯ ಲೆಡ್ಜರಿನಲ್ಲಿ ಇನ್ನೂ ಅರ್ಧದಷ್ಟು ಹಾಳೆಗಳು ಖಾಲಿ ಇದ್ದವು. ಅದರಲ್ಲೇ ಗೆರೆ ಹಾಕಿ, ಮೊದಲನೆಯ ಬಿಲ್ಲಿನ ಸಂಖ್ಯೆಯನ್ನು ಬರೆದುಕೊಂಡೆವು.