ಮಡಚಿದರೂ ಕೆಡದ ಕಾಗದದ ಸರ್ಕ್ಯೂಟ್ ಮನೆಯಲ್ಲೇ ಪ್ರಿಂಟ್ ಮಾಡುವುದು ಹೇಗೆ

ಕಾಗದದ ಮೇಲೆ ಸರ್ಕ್ಯೂಟ್ ಪ್ರಿಂಟ್ ಮಾಡುವುದು ಕಷ್ಟ ಅಲ್ಲ. ಮಡಚಿದ ಮೇಲೂ ಅದು ನಡೆಯಬೇಕು ಅಂದಾಗಲೇ ಕಷ್ಟ ಶುರು. ನಾನು ಮಾಡಲು ಹೊರಟಿದ್ದು ಒಂದು ಕಾರ್ಡ್: ತೆರೆದರೆ ಒಳಗೆ ನಮ್ಮ ಬಳ್ಳಾರಿ ಕೋಟೆ ಗುಡ್ಡ, ಮೂಲೆ ಮಡಚಿದರೆ ಗುಡ್ಡದ ತುದಿಯಲ್ಲಿ ಕೆಂಪು ಎಲ್‌ಇಡಿ ಹತ್ತಬೇಕು. ಐದಾರು ಕಾರ್ಡ್ ಹಾಳಾದ ಮೇಲೆ ತಿಳಿಯಿತು, ಮೊದಲು ಯೋಚಿಸಬೇಕಾದದ್ದು ಇಂಕಿನ ಬಗ್ಗೆ ಅಲ್ಲ, ಮಡಿಕೆಯ ಬಗ್ಗೆ.

ಇಂಕಿನ ಮಾತು ಬೇಗ ಮುಗಿಸುತ್ತೇನೆ. 2013ರಲ್ಲಿ ಸಂಶೋಧಕರು ಬೆಳ್ಳಿಯ ನ್ಯಾನೋ ಕಣಗಳ ಇಂಕನ್ನು ಮಾಮೂಲಿ ಇಂಕ್‌ಜೆಟ್ ಪ್ರಿಂಟರಿಗೇ ತುಂಬಿ ಸರ್ಕ್ಯೂಟ್ ಪ್ರಿಂಟ್ ಮಾಡಿ ತೋರಿಸಿದ್ದರು. ಚೆನ್ನಾಗಿದೆ, ಆದರೆ ಬೆಳ್ಳಿ ದುಬಾರಿ. ನಮಗೆ ಗ್ರಾಫೈಟ್ ಪುಡಿ ಸಾಕು, ಬೀಗಕ್ಕೆ ಹಾಕುತ್ತಾರಲ್ಲ, ಅದೇ. ಎರಡು ಚಮಚ ಪುಡಿಗೆ ಒಂದು ಚಮಚ ಫೆವಿಕಾಲ್, ಸ್ವಲ್ಪ ನೀರು, ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಲಿ. ಫೆವಿಕಾಲ್ ಜಾಸ್ತಿಯಾದರೆ ಅದು ಪ್ರತಿ ಕಣದ ಸುತ್ತ ಅಂಟಿಕೊಂಡು ಕಣಕ್ಕೆ ಕಣ ತಾಗದಂತೆ ಮಾಡುತ್ತದೆ, ಕರೆಂಟ್ ದಾಟುವುದಿಲ್ಲ. ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಹಳೇ ಸೆಲ್ ಒಡೆದು ಒಳಗಿನ ಕಪ್ಪು ಪುಡಿ ತೆಗೆಯಬೇಡಿ, ಅದರಲ್ಲಿ ಬಹುಪಾಲು ಮ್ಯಾಂಗನೀಸ್ ಡೈಆಕ್ಸೈಡ್. ಈ ಪೇಸ್ಟನ್ನು ಇಂಕ್‌ಜೆಟ್ ಪ್ರಿಂಟರಿಗಂತೂ ಹಾಕಲೇಬೇಡಿ, ಕೂದಲಿಗಿಂತ ಸಣ್ಣ ತೂತುಗಳು ಅಲ್ಲೇ ಕಟ್ಟಿಕೊಳ್ಳುತ್ತವೆ.

ಸ್ಕ್ರೀನ್ ಪ್ರಿಂಟಿಂಗೇ ಸರಿ, ಅಂದರೆ ಫ್ರೇಮಿಗೆ ಬಿಗಿದ ಬಲೆಯಂಥ ಬಟ್ಟೆಯ (ಮೆಶ್) ಮೂಲಕ ಪೇಸ್ಟ್ ಎಳೆದು ಕಾಗದಕ್ಕೆ ಇಳಿಸುವುದು. ನಾನು ಮೊದಲು ಹೋಗಿದ್ದು ಲಗ್ನಪತ್ರಿಕೆ ಪ್ರಿಂಟ್ ಮಾಡುವ ಅಣ್ಣನ ಹತ್ತಿರ. ಬೆರಳಲ್ಲಿ ಪೇಸ್ಟ್ ಉಜ್ಜಿ ನೋಡಿ, "ಇದು ಬಾಳ ದಪ್ಪ ಐತೆ ತಮ್ಮಾ, ಈ ಮೆಶ್‌ನಾಗ ಇಳಿಯಲ್ಲ. ಬಟ್ಟೆ ಪ್ರಿಂಟ್ ಮಾಡೋರತ್ರ ಹೋಗು" ಅಂದರು. ನೂರಕ್ಕೆ ನೂರು ನಿಜ. ಪತ್ರಿಕೆಯ ಮೆಶ್ ತುಂಬಾ ಸಣ್ಣ, ಬಟ್ಟೆಯದು ದೊಡ್ಡ ಕಣ್ಣಿನದು, ಗ್ರಾಫೈಟ್ ಸಲೀಸಾಗಿ ಇಳಿಯುತ್ತದೆ. ಜೀನ್ಸ್ ಹೊಲಿಯುವ ಊರಲ್ಲಿ ಅಂಥ ಫ್ರೇಮ್ ಹುಡುಕುವುದು ಕಷ್ಟವಾಗಲಿಲ್ಲ. ಇನ್ನೊಂದು, ನಮ್ಮ ಏಪ್ರಿಲ್ ಬಿಸಿಲಲ್ಲಿ ಎರಡು ಕಾರ್ಡ್ ಎಳೆಯುವಷ್ಟರಲ್ಲಿ ಪೇಸ್ಟ್ ಮೆಶ್‌ನಲ್ಲೇ ಒಣಗುತ್ತದೆ. ಬೆಳಗ್ಗೆ ಬೇಗ ಮಾಡಿ, ಪೇಸ್ಟಿಗೆ ನಾಲ್ಕೈದು ಹನಿ ಗ್ಲಿಸರಿನ್ ಸೇರಿಸಿ. ಒಣಗಿದ ಮೇಲೆ ಚಮಚದ ಬೆನ್ನಿನಿಂದ ಗೆರೆಯನ್ನು ಚೆನ್ನಾಗಿ ತೀಡಿ, ಕಣಗಳು ಒತ್ತಿಕೊಂಡು ರೆಸಿಸ್ಟೆನ್ಸ್ (ಕರೆಂಟಿಗೆ ಆಗುವ ತಡೆ) ಇಳಿಯುತ್ತದೆ.

ಗೆರೆ ಎಷ್ಟು ಅಗಲ ಇರಬೇಕು? ಚೌಕಗಳಲ್ಲಿ ಎಣಿಸಿ, ಗೆರೆಯ ಅಗಲದಷ್ಟೇ ಉದ್ದದ ತುಂಡು ಒಂದು ಚೌಕ. 5 ಮಿ.ಮೀ. ಅಗಲ, 50 ಮಿ.ಮೀ. ಉದ್ದ ಇದ್ದರೆ 10 ಚೌಕ. ನಿಮ್ಮ ಪೇಸ್ಟ್ ಮಲ್ಟಿಮೀಟರಿನಲ್ಲಿ ಒಂದು ಚೌಕಕ್ಕೆ 100 ಓಮ್ (ರೆಸಿಸ್ಟೆನ್ಸಿನ ಅಳತೆ) ತೋರಿಸಿದರೆ ಈ ಗೆರೆ 1000 ಓಮ್. 9 ವೋಲ್ಟ್ ಬ್ಯಾಟರಿಯಲ್ಲಿ ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಗೊಂಡರೆ ಉಳಿದ 7 ವೋಲ್ಟಿಗೆ 7 ಮಿಲಿ ಆಂಪಿಯರ್ ಹರಿಯುತ್ತದೆ, ಬೇರೆ ರೆಸಿಸ್ಟರ್ ಬೇಡ. ಲೆಕ್ಕದಲ್ಲಿ ಹೋಗುವ ಗೆರೆ, ಬರುವ ಗೆರೆ ಎರಡನ್ನೂ ಸೇರಿಸಿ. 3 ವೋಲ್ಟಿನ ಬಟನ್ ಸೆಲ್ ಇಲ್ಲಿ ಸಾಲದು. ಮನೆಯ ಪ್ಲಗ್ ಕಡೆ ಇದನ್ನು ಒಯ್ಯಲೇಬೇಡಿ.

ಈಗ ಮಡಿಕೆ. ನುಣುಪಾದ ಹೊಳೆಯುವ ಆರ್ಟ್ ಪೇಪರ್ ತರಬೇಡಿ, ಮಡಚಿದ ಜಾಗದಲ್ಲಿ ಅದರ ಲೇಪವೇ ಬಿರಿದು ಇಂಕನ್ನೂ ಜತೆಗೆ ಕಿತ್ತುಕೊಂಡು ಹೋಗುತ್ತದೆ. ಡ್ರಾಯಿಂಗ್ ಶೀಟ್ ಸಾಕು. ಕಾಗದಕ್ಕೂ ನಾರಿನ ದಿಕ್ಕು ಇರುತ್ತದೆ, ಎರಡೂ ಕಡೆ ಬಗ್ಗಿಸಿ ನೋಡಿ, ಸುಲಭವಾಗಿ ಬಾಗುವ ಕಡೆಗೇ ಮಡಿಕೆ ಬರಲಿ. ರೀಫಿಲ್ ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲ್ ಇಟ್ಟು ಗೀರಿ, ಮೊದಲು ಮಡಚಿ, ಮತ್ತೆ ಬಿಡಿಸಿ, ಆಮೇಲೆ ಪ್ರಿಂಟ್ ಮಾಡಿ. ಇಂಕ್ ಮಡಿಕೆಯ ಒಳಗೇ ಇರಬೇಕು. ಹೊರಗಿದ್ದರೆ ಎಳೆತಕ್ಕೆ ಬಿರುಕು ಬಿಡುತ್ತದೆ, ಒಳಗಿದ್ದರೆ ಒತ್ತಿಕೊಳ್ಳುತ್ತದೆ ಅಷ್ಟೆ. ನಾನು ಒಂದನ್ನು ಹೊರಗೆ ಮಡಚಿ ಭೂತಗನ್ನಡಿ ಇಟ್ಟು ನೋಡಿದೆ. ಬೇಸಿಗೆಯ ಕೆರೆಯ ತಳದಂತೆ ಸಣ್ಣ ಸಣ್ಣ ಸೀಳು, ನಡುವೆ ಬಿಳಿ ನಾರು. ಮೀಟರಿನಲ್ಲಿ ನೂರರ ಲೆಕ್ಕದಲ್ಲಿದ್ದ ಓಮ್ ಸಾವಿರಗಳಿಗೆ ಏರಿತ್ತು.

ಅದಕ್ಕೆ ಗೆರೆ ಮಡಿಕೆಯನ್ನು ಅಡ್ಡಡ್ಡ ನೇರವಾಗಿ ದಾಟಲಿ, ದಾಟುವಲ್ಲಿ 15 ಮಿ.ಮೀ.ವರೆಗೆ ಅಗಲವಾಗಲಿ. ಒಣಗಿದ ಮೇಲೆ ಹತ್ತಿಪ್ಪತ್ತು ಸಲ ಮಡಚಿ ಬಿಡಿಸಿ, ಬಿರುಕು ಬರುವುದಿದ್ದರೆ ಆಗಲೇ ಬರಲಿ, ಅದರ ಮೇಲೆ ಬ್ರಷ್‌ನಿಂದ ಇನ್ನೊಂದು ಕೋಟ್ ಕೊಡಿ. ಮಡಿಕೆಯನ್ನು ಉಗುರಿನಿಂದ ತೀಡಬೇಡಿ. ಮಡಚುವಾಗ ಒಳಗೆ ಒಂದು ಊದುಬತ್ತಿ ಕಡ್ಡಿ ಇಟ್ಟರೆ ಮಡಿಕೆ ದುಂಡಗಾಗುತ್ತದೆ, ಇಂಕ್ ತುಂಬಾ ದಿನ ಬಾಳುತ್ತದೆ.

ಒಳಗೆ ಮಡಚುವುದರಲ್ಲಿ ಒಂದು ಅಪಾಯ ಇದೆ, ನನಗೂ ಆಯಿತು. ಕಾರ್ಡ್ ಮುಚ್ಚಿದಾಗ ಎರಡು ಪುಟಗಳ ಗೆರೆಗಳು ಎದುರುಬದುರು ತಾಗುತ್ತವೆ. ಪ್ಲಸ್ ಗೆರೆ ಪಕ್ಕಕ್ಕೆ ತಿರುಗಿ ಮೈನಸ್ ಎದುರಿಗೆ ಬಂದಿತ್ತು, ಮುಚ್ಚಿಟ್ಟ ಕಾರ್ಡಿನಲ್ಲೇ ಬ್ಯಾಟರಿ ಎರಡು ದಿನದಲ್ಲಿ ಖಾಲಿ. ನಡುವೆ ಒಂದು ತೆಳು ಹಾಳೆ ಅಂಟಿಸಿ, ಇಲ್ಲವೇ ಡಿಸೈನ್ ಬರೆಯುವಾಗಲೇ ಕಾಗದ ಮಡಚಿ ಬೆಳಕಿಗೆ ಹಿಡಿದು ನೋಡಿ.

ಎಲ್‌ಇಡಿಗೆ ಸೋಲ್ಡರ್ ಕೆಲಸಕ್ಕೆ ಬಾರದು, ಗ್ರಾಫೈಟಿಗೆ ಅದು ಹಿಡಿಯುವುದಿಲ್ಲ. ಕಾಲುಗಳನ್ನು ಸುರುಳಿ ಸುತ್ತಿ ಗೆರೆ ಮೇಲೆ ಒತ್ತಿ, ಪೇಸ್ಟ್ ಮೆತ್ತಿ, ಒಣಗಿದ ಮೇಲೆ ಟೇಪ್ ಹಾಕಿ. ಉದ್ದ ಕಾಲು ಪ್ಲಸ್ ಕಡೆಗೆ. ಕೊನೆಗೆ ಸ್ವಿಚ್: ಕಾರ್ಡಿನ ಮೂಲೆಯ ಹತ್ತಿರ ಗೆರೆಯಲ್ಲಿ 5 ಮಿ.ಮೀ. ಬಿಡುವು ಬಿಡಿ, ಮೂಲೆಗೆ ಅಲ್ಯೂಮಿನಿಯಂ ಫಾಯಿಲ್ ತುಂಡು ಅಂಟಿಸಿ. ಮೂಲೆ ಮಡಚಿ ಬೆರಳಿಂದ ಒತ್ತಿ ಹಿಡಿದರೆ ಫಾಯಿಲ್ ಆ ಬಿಡುವನ್ನು ಜೋಡಿಸುತ್ತದೆ, ಗುಡ್ಡದ ತುದಿ ಕೆಂಪಗೆ ಹತ್ತುತ್ತದೆ.