ಒಂದು ಸ್ಟಾರ್ ಬಿದ್ದಾಗ ಅಂಗಡಿಯವರು ಏನು ಮಾಡಬೇಕು?

ಬ್ಯಾಡಗಿಯಲ್ಲಿ ನಮ್ಮದು ಚಿಕ್ಕ ಅಂಗಡಿ. ಮೆಣಸಿನಕಾಯಿ ಕುಟ್ಟಿಸಿ ಖಾರದ ಪುಡಿ ಮಾರುತ್ತೇವೆ, ಕೊರಿಯರ್‌ನಲ್ಲೂ ಕಳಿಸುತ್ತೇವೆ. ಒಂದಿನ ಗೂಗಲ್‌ನಲ್ಲಿ ಒಂದು ಸ್ಟಾರ್ ಬಿತ್ತು. "ಖಾರಾನೇ ಇಲ್ಲ, ಬರೀ ಬಣ್ಣ. ಕಲರ್ ಬೆರೆಸಿದ್ದಾರೆ" ಅಂತ ಬರೆದಿದ್ದರು. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಚಿಕ್ಕ ಅಂಗಡಿಗೆ ಇದರ ಪೆಟ್ಟು ಜಾಸ್ತಿ, ಲೆಕ್ಕ ಹಾಕಿ ನೋಡಿ. 20 ರಿವ್ಯೂ ಇದ್ದು ಸರಾಸರಿ 4.5 ಇದ್ದರೆ, ಒಂದೇ ಒಂದು ಸ್ಟಾರ್ ಬಿದ್ದರೂ ಅದು 4.3ಕ್ಕೆ ಇಳಿಯುತ್ತದೆ. 200 ರಿವ್ಯೂ ಇದ್ದವರಿಗೆ 4.5 ಹಾಗೇ ಇರುತ್ತದೆ.

ಮೊದಲು, ಸಿಟ್ಟಿನಲ್ಲಿ ಉತ್ತರ ಬರೆಯಬೇಡಿ. ಒಂದು ದಿನ ಬಿಡಿ. ಅಷ್ಟರಲ್ಲಿ ಬಿಲ್ ಹುಡುಕಿ, ಯಾವ ದಿನದ ಮಾಲು, ಯಾರು ಪ್ಯಾಕ್ ಮಾಡಿದ್ದು ಅಂತ ವಿಚಾರಿಸಿ. ನಾನು ಹಾಗೇ ಮಾಡಿದೆ. ಮಾಲಿನಲ್ಲಿ ತಪ್ಪಿರಲಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಗುಣವೇ ಅದು, ಕಡುಕೆಂಪು ಬಣ್ಣ, ಕಡಿಮೆ ಖಾರ. 2011ರಲ್ಲಿ ಜಿಐ ಟ್ಯಾಗ್ (ಇದು ಇಂಥ ಊರಿನದ್ದೇ ವಿಶೇಷ ಮಾಲು ಅನ್ನೋ ಸರ್ಕಾರಿ ಗುರುತು) ಸಿಕ್ಕಿದ ಕಾಯಿ, ನಮ್ಮೂರಲ್ಲಿ ಇದನ್ನ ಯಾರಿಗೂ ಹೇಳಿಕೊಡಬೇಕಿಲ್ಲ. ಆದರೆ ದೂರದವರಿಗೆ ಹೇಗೆ ಗೊತ್ತಾಗಬೇಕು? ನಾವು ಪ್ಯಾಕೆಟ್ ಮೇಲೆ ಬರೆದೇ ಇರಲಿಲ್ಲ.

ಉತ್ತರ ಹೀಗೆ ಬರೆದೆ: "ನಮಸ್ಕಾರ ಸರ್. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಅದನ್ನ ಪ್ಯಾಕೆಟ್ ಮೇಲೆ ಬರೆಯದಿದ್ದದ್ದು ನಮ್ಮ ತಪ್ಪು. ಕಲರ್ ಬೆರೆಸಿಲ್ಲ. ಅದೇ ಕಾಯಿ ಇಡಿಯಾಗಿ ಕಳಿಸುತ್ತೇವೆ, ಮನೆಯಲ್ಲೇ ಕುಟ್ಟಿ ನೋಡಿ. ಖಾರ ಬೇಕಿದ್ದರೆ ಗುಂಟೂರು ಬೆರೆಸಿದ ಪುಡಿಯೂ ಇದೆ." ಇಷ್ಟೇ. ಅವರು ಸ್ಟಾರ್ ಬದಲಿಸಲಿ ಬಿಡಲಿ (ಬೇಕಿದ್ದರೆ ಅವರೇ ಬದಲಿಸಬಹುದು), ಆ ಉತ್ತರ ಓದೋದು ಮುಂದೆ ಬರೋ ಗಿರಾಕಿಗಳು, ಅವರನ್ನ ಮನಸ್ಸಲ್ಲಿಟ್ಟುಕೊಂಡು ಬರೀರಿ. ಗಿರಾಕಿಯ ಫೋನ್ ನಂಬರು, ವಿಳಾಸ ಅಲ್ಲಿ ಹಾಕಲೇಬೇಡಿ.

ನಿಮ್ಮ ಅಂಗಡಿಗೆ ಕಾಲಿಡದವರು ಬರೆದದ್ದು, ಬೈಗುಳ ಇರೋದು, ಎದುರಿನ ಅಂಗಡಿಯವರು ಬರೆಸಿದ್ದು ಅಂದರೆ, ರಿವ್ಯೂ ಪಕ್ಕದ ಮೂರು ಚುಕ್ಕಿ ಒತ್ತಿ ರಿಪೋರ್ಟ್ ಮಾಡಿ. ಗೂಗಲ್ ನಿಯಮ ಮುರಿದಿದ್ದರೆ ಮಾತ್ರ ತೆಗೆಯುತ್ತಾರೆ, ನಮಗೆ ಬೇಜಾರಾಯ್ತು ಅಂತ ತೆಗೆಯೋದಿಲ್ಲ. ನಾವೇ ಅಳಿಸೋಕೂ ಬರಲ್ಲ.

ಇನ್ನೊಂದು ಮಾತು, ಇದನ್ನ ಗಟ್ಟಿಯಾಗಿ ಹೇಳುತ್ತೇನೆ: ಅಣ್ಣತಮ್ಮಂದಿರ ಕೈಲಿ ಐದು ಸ್ಟಾರ್ ಹಾಕಿಸಬೇಡಿ, ರಿವ್ಯೂ ಬರೆದರೆ ಕಾಲು ಕೆಜಿ ಫ್ರೀ ಅನ್ನಬೇಡಿ. ಗೂಗಲ್ ನಿಯಮದಲ್ಲಿ ಎರಡಕ್ಕೂ ಅವಕಾಶ ಇಲ್ಲ. ನಮ್ಮ ದೇಶದಲ್ಲಿ ಗುಣಮಟ್ಟದ ಮಾನದಂಡ ಹಾಕೋ ಸರ್ಕಾರಿ ಸಂಸ್ಥೆ ಬಿಐಎಸ್ ಕೂಡ 2022ರಲ್ಲಿ ಆನ್‌ಲೈನ್ ರಿವ್ಯೂಗಳಿಗೆ ಐಎಸ್ 19000 ಅಂತ ಮಾನದಂಡ ತಂದಿದೆ. ಅದಕ್ಕಿಂತ ಹೆಚ್ಚಾಗಿ, ಜನರಿಗೆ ಗೊತ್ತಾಗುತ್ತದೆ. ವರ್ಷಗಟ್ಟಲೆ ನಿಮ್ಮಲ್ಲೇ ಒಯ್ಯೋ ಗಿರಾಕಿಗೆ, "ಅಕ್ಕಾ, ಹೆಂಗಿತ್ತು ಅಂತ ಇದ್ದದ್ದು ಇದ್ದಂಗೆ ನಾಲ್ಕು ಸಾಲು ಬರೀರಿ" ಅಂತ ಕೇಳಿ. ಬರೀತಾರೆ.

ನಮ್ಮ ಪ್ಯಾಕೆಟ್ ಮೇಲೆ ಈಗ ದಪ್ಪ ಅಕ್ಷರದಲ್ಲಿ "ಬಣ್ಣ ಜಾಸ್ತಿ, ಖಾರ ಕಡಿಮೆ" ಅಂತಿದೆ. ಹಾಗೇ ಗೂಗಲ್‌ನಲ್ಲಿ ಅಂಗಡಿ ತೆಗೆಯೋ ಹೊತ್ತನ್ನೂ ಸರಿ ಮಾಡಿಡಿ, ಹಬ್ಬದ ರಜೆ ಮೊದಲೇ ಹಾಕಿ. ಹಾವೇರಿಯಿಂದ ಬಸ್ ಹತ್ತಿ ಬಂದವರು ಮುಚ್ಚಿದ ಬಾಗಿಲು ನೋಡಿದರೆ ಒಂದು ಸ್ಟಾರ್ ಕೊಡದೆ ಇನ್ನೇನು ಕೊಡ್ತಾರೆ?