1758ರ ಹಾಜರಿ ಪಟ್ಟಿಯವರೆಗೆ: ಮೊಮ್ಮಕ್ಕಳ ಪೂರ್ವಜನೊಬ್ಬನನ್ನು ಹುಡುಕಿದ ಬಗೆ

ನನ್ನ ಅಳಿಯ ಅಮೆರಿಕದ ಮ್ಯಾಸಚೂಸೆಟ್ಸ್‌ನವರು. ಅವರ ತಾಯಿಯ ಮನೆತನದ ಹಿರಿಯರೊಬ್ಬರು ಜಾರ್ಜ್ ವಾಷಿಂಗ್ಟನ್ನರ ಸೈನ್ಯದಲ್ಲಿದ್ದರೆಂಬ ಮಾತು ಆ ಮನೆಯಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಕಂದಾಯ ಇಲಾಖೆಯ ಹಳೆಯ ಕಡತಗಳ ನಡುವೆಯೇ ನೌಕರಿ ಮುಗಿಸಿದ ನನಗೆ ಆ ಮಾತಿಗೆ ದಾಖಲೆಯ ಆಧಾರವೆಷ್ಟಿದೆ ಎಂದು ನೋಡುವ ಆಸೆ ಹುಟ್ಟಿತು. ಬೀಗಿತ್ತಿಯವರೂ ಸಂತೋಷದಿಂದ ಒಪ್ಪಿ ತಮ್ಮಲ್ಲಿದ್ದ ಕಾಗದಪತ್ರಗಳನ್ನೆಲ್ಲ ಮುಂದಿಟ್ಟರು.

ಪೌತಿ ಖಾತೆಯ ಅರ್ಜಿಯಲ್ಲಿ ವಂಶವೃಕ್ಷದ ಪ್ರತಿಯೊಂದು ಕೊಂಡಿಗೂ ಸಾಕ್ಷ್ಯ ಕೇಳುವಂತೆಯೇ ಇಲ್ಲಿಯೂ ನಡೆಯಬೇಕೆಂದು ಮೊದಲೇ ನಿರ್ಧರಿಸಿದೆ. ಸೈನಿಕನ ಹೆಸರಿನಿಂದ ಕೆಳಕ್ಕೆ ಇಳಿಯುವ ಬದಲು, ಇಂದು ಬದುಕಿರುವವರಿಂದ ಒಂದೊಂದೇ ತಲೆಮಾರು ಮೇಲಕ್ಕೆ ಹತ್ತಿದೆ. ಅಂತರ್ಜಾಲದಲ್ಲಿ ಸಿದ್ಧವಾಗಿ ಸಿಗುವ ವಂಶವೃಕ್ಷಗಳನ್ನು ಸುಳಿವಿಗಾಗಿ ಮಾತ್ರ ನೋಡಿದೆ, ಏಕೆಂದರೆ ಅವುಗಳಲ್ಲಿ ಹೆಚ್ಚಿನವು ಒಂದನ್ನೊಂದು ನಕಲು ಮಾಡಿದವು. ಇಪ್ಪತ್ತನೆಯ ಶತಮಾನಕ್ಕೆ ಮರಣ ಪ್ರಮಾಣಪತ್ರಗಳು ಸಾಕಾದವು. ಅದಕ್ಕಿಂತ ಹಿಂದಕ್ಕೆ ಜನಗಣತಿಯೇ ಆಧಾರವಾದರೂ ಅದರ ಮಿತಿಯನ್ನು ಅರಿತಿರಬೇಕು: ಮನೆಯ ಯಜಮಾನನಿಗೆ ಉಳಿದವರು ಏನಾಗಬೇಕೆಂಬುದನ್ನು 1880ರಿಂದ ಮಾತ್ರ ಬರೆದಿದ್ದಾರೆ, ಎಲ್ಲರ ಹೆಸರನ್ನು ಬರೆದದ್ದು 1850ರಿಂದ, ಅದಕ್ಕೂ ಹಿಂದೆ ಯಜಮಾನನ ಹೆಸರೊಂದೇ ಇದ್ದು ಉಳಿದವರೆಲ್ಲ ಬರೀ ಸಂಖ್ಯೆಗಳು.

ಹೀಗೆ ಹತ್ತುತ್ತ ಹೋದಾಗ ವರ್ಮಾಂಟ್‌ನ ಒಬ್ಬ ರೈತನ ಬಳಿ ದಾರಿ ನಿಂತಿತು. ಆತ ಎಲ್ಲಿಂದ ಬಂದವನೆಂಬುದು ಆ ಊರಿನ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಬಾಗಿಲು ತೆರೆದದ್ದು ಪಿಂಚಣಿ ಕಡತ. ಕ್ರಾಂತಿಯುದ್ಧದಲ್ಲಿ, ಎಂದರೆ ಬ್ರಿಟಿಷರ ವಿರುದ್ಧ ವಾಷಿಂಗ್ಟನ್ನರ ಸೈನ್ಯ ಕಾದಿದ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, ಕನಿಷ್ಠ ಆರು ತಿಂಗಳು ಸೇವೆ ಸಲ್ಲಿಸಿದವರಿಗೆ, ಬಡತನವನ್ನು ಸಾಬೀತುಪಡಿಸಬೇಕೆಂಬ ಷರತ್ತಿಲ್ಲದೆ ಪಿಂಚಣಿ ಕೊಡುವ ಕಾಯ್ದೆ 1832ರ ಜೂನ್‌ನಲ್ಲಿ ಬಂತು. ಅರ್ಜಿದಾರ ತೆರೆದ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಹೇಳಿಕೆ ಕೊಡಬೇಕಿತ್ತು. ಎಲ್ಲಿ, ಯಾವ ವರ್ಷ ಹುಟ್ಟಿದಿರಿ, ವಯಸ್ಸಿನ ದಾಖಲೆ ಎಲ್ಲಿದೆ, ಸೈನ್ಯಕ್ಕೆ ಸೇರುವಾಗ ಎಲ್ಲಿ ವಾಸವಾಗಿದ್ದಿರಿ ಎಂಬ ಪ್ರಶ್ನೆಗಳು ಎಲ್ಲರಿಗೂ ಒಂದೇ ಆಗಿದ್ದವು. ಇಂಥ ಸುಮಾರು 80,000 ಕಡತಗಳನ್ನು ಅಮೆರಿಕದ ರಾಷ್ಟ್ರೀಯ ಪತ್ರಾಗಾರ ಕಾಪಾಡಿಕೊಂಡು ಬಂದಿದೆ, ಇಂದು ಅವುಗಳ ಚಿತ್ರಗಳನ್ನು ಮನೆಯಲ್ಲಿಯೇ ಕುಳಿತು ಓದಬಹುದು. ನಮ್ಮ ರೈತ ತಾನು 1763ರಲ್ಲಿ ಮ್ಯಾಸಚೂಸೆಟ್ಸ್‌ನ ಮಿಡ್ಲ್‌ಸೆಕ್ಸ್ ಕೌಂಟಿಯ ಇಂಥ ಊರಿನಲ್ಲಿ ಹುಟ್ಟಿದೆನೆಂದೂ, ತನ್ನ ವಯಸ್ಸು ತಂದೆಯ ಬೈಬಲ್ಲಿನಲ್ಲಿ ಬರೆದಿದ್ದು ಅದು ಊರಿನಲ್ಲಿರುವ ಅಣ್ಣನ ಬಳಿ ಇದೆಯೆಂದೂ ಹೇಳಿಕೊಂಡಿದ್ದ. ಸಾಮಾನ್ಯ ಸೈನಿಕನೊಬ್ಬನ ಮಾತು ಗುಮಾಸ್ತನ ಕೈಬರಹದಲ್ಲಿ ಇಷ್ಟು ನೇರವಾಗಿ ನಮ್ಮವರೆಗೆ ಬಂದಿರುವುದು ದೊಡ್ಡ ಭಾಗ್ಯವೆಂದೇ ನಾನು ಭಾವಿಸುತ್ತೇನೆ. 1780ರಲ್ಲಿ ಆರು ತಿಂಗಳ ಸೇವೆಗೆಂದು ಸ್ಪ್ರಿಂಗ್‌ಫೀಲ್ಡ್‌ಗೆ ಬಂದು ಸೇರಿದವರ ಚಹರೆ ಪಟ್ಟಿಯಲ್ಲಿಯೂ ಆತ ಸಿಕ್ಕಿದ: ವಯಸ್ಸು 17, ಎತ್ತರ 5 ಅಡಿ 6 ಅಂಗುಲ, ಮೈಬಣ್ಣ ಬಿಳುಪು.

ಮನೆಯವರ ಮಾತು ಇಲ್ಲಿಗೆ ನಿಜವಾಯಿತು. ಆದರೆ ಆತನ ತಂದೆಯೂ ಸೈನಿಕನಾಗಿದ್ದನೇ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ, ಮತ್ತು ನನ್ನ ಹೆಚ್ಚಿನ ಶ್ರಮ ಸಂದದ್ದು ಅಲ್ಲಿಯೇ. ಫ್ರೆಂಚರ ವಿರುದ್ಧ ಬ್ರಿಟಿಷ್ ದೊರೆಯ ಪರವಾಗಿ ವಸಾಹತುಗಳು ಕಾದಿದ ಕಾಲದ ಸೈನಿಕರಿಗೆ ಇಂಥ ಪಿಂಚಣಿ ಕಡತಗಳಿಲ್ಲ. ಇರುವುದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಪತ್ರಾಗಾರದಲ್ಲಿರುವ ಮಸ್ಟರ್ ರೋಲ್‌ಗಳು, ಅಂದರೆ ತುಕಡಿಯ ನಾಯಕನು ಸಂಬಳಕ್ಕಾಗಿ ಬರೆದುಕೊಟ್ಟ ಹಾಜರಿ ಪಟ್ಟಿಗಳು. 1758ರ ಒಂದು ಪಟ್ಟಿಯಲ್ಲಿ ತಂದೆಯ ಹೆಸರೇನೋ ಇತ್ತು. ಆದರೆ ಅದೇ ಊರಿನಲ್ಲಿ ಅದೇ ಹೆಸರಿನ ಇಬ್ಬರಿದ್ದರು, ಒಬ್ಬನಿಗೆ ಹಿರಿಯ, ಇನ್ನೊಬ್ಬನಿಗೆ ಕಿರಿಯ ಎಂದು ಬರೆಯುತ್ತಿದ್ದರು. ಆ ಕಾಲದ ನ್ಯೂ ಇಂಗ್ಲೆಂಡ್‌ನಲ್ಲಿ (ಮ್ಯಾಸಚೂಸೆಟ್ಸ್ ಸೇರಿದಂತೆ ಅಮೆರಿಕದ ಈಶಾನ್ಯ ಭಾಗದಲ್ಲಿ) ಹಿರಿಯ, ಕಿರಿಯ ಎಂದಮಾತ್ರಕ್ಕೆ ತಂದೆ ಮಗನೆಂದು ತಿಳಿಯುವಂತಿಲ್ಲ. ಒಂದೇ ಹೆಸರಿನ ಚಿಕ್ಕಪ್ಪ, ಅಣ್ಣನ ಮಗ, ಕಡೆಗೆ ಸಂಬಂಧವೇ ಇಲ್ಲದವರನ್ನೂ ಹಾಗೆಯೇ ಕರೆಯುತ್ತಿದ್ದರು, ಹಿರಿಯ ಸತ್ತ ಮೇಲೆ ಕಿರಿಯನೇ ಹಿರಿಯನಾಗುತ್ತಿದ್ದ.

ಇದನ್ನು ಬಿಡಿಸಿದ್ದು ಅದೇ ಪಟ್ಟಿಯ ಒಂದು ಅಂಕಣ. ಇಪ್ಪತ್ತೊಂದು ತುಂಬದವರ ಹೆಸರಿನ ಎದುರಿಗೆ ತಂದೆಯ ಅಥವಾ ಕೆಲಸಕ್ಕಿಟ್ಟುಕೊಂಡ ಧಣಿಯ ಹೆಸರನ್ನು ಬರೆಯುವ ರೂಢಿ ಆ ಪಟ್ಟಿಗಳಲ್ಲಿದೆ, ನಮ್ಮ 1758ರ ಯುವಕನ (ವರ್ಮಾಂಟ್ ರೈತನ ತಂದೆಯ) ಎದುರಿಗೂ ಅವನ ತಂದೆಯ ಹೆಸರಿತ್ತು. ಊರಿನ ಜನನ ಪುಸ್ತಕದಲ್ಲಿ ಆತನ ಹುಟ್ಟು 1740/41ರ ಫೆಬ್ರವರಿ ಎಂದಿದೆ. 1752ರವರೆಗೆ ಇಂಗ್ಲಿಷರ ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿದ್ದುದರಿಂದ ಜನವರಿಯಿಂದ ಆ ದಿನದವರೆಗಿನ ತಾರೀಖುಗಳಿಗೆ ಹೀಗೆ ಎರಡು ವರ್ಷ ಬರೆಯುತ್ತಿದ್ದರು. ನಮ್ಮ ಲೆಕ್ಕಕ್ಕೆ ಅದು 1741, ಎಂದರೆ ಸೈನ್ಯಕ್ಕೆ ಸೇರಿದಾಗ ಆತನಿಗೆ ಹದಿನೇಳು.

ಅಷ್ಟಕ್ಕೇ ನಿಲ್ಲದೆ ಜಮೀನಿನ ಪತ್ರಗಳನ್ನೂ ನೋಡಿದೆ, ಏಕೆಂದರೆ ಸೈನ್ಯದ ದಾಖಲೆ ಒಬ್ಬ ವ್ಯಕ್ತಿ ಇದ್ದನೆಂದು ಹೇಳೀತೇ ಹೊರತು ಅವನು ಯಾರ ಮನೆಯವನೆಂದು ಗಟ್ಟಿಯಾಗಿ ಹೇಳುವುದು ಭೂಮಿ ಮತ್ತು ಉಯಿಲುಗಳೇ ಎಂಬುದು ನನ್ನ ನಂಬಿಕೆ. ಆ ಕಾಲದ ಕ್ರಯಪತ್ರದಲ್ಲಿ ಮಾರುವವನ ಕಸುಬು ಇರುತ್ತದೆ, ಮತ್ತು ಗಂಡನ ಸ್ಥಿರಾಸ್ತಿಯ ಮೂರನೆಯ ಒಂದು ಭಾಗವನ್ನು ವಿಧವೆಯಾದ ಮೇಲೆ ಜೀವಮಾನವಿಡೀ ಅನುಭವಿಸುವ ಹಕ್ಕನ್ನು ಬಿಟ್ಟುಕೊಟ್ಟು ಹೆಂಡತಿಯೂ ಎಷ್ಟೋ ಪತ್ರಗಳಲ್ಲಿ ಸಹಿ ಹಾಕಿರುತ್ತಾಳೆ. ಒಂದೇ ಹೆಸರಿನ ಆ ಇಬ್ಬರಲ್ಲಿ ಒಬ್ಬ ಚಮ್ಮಾರ, ಇನ್ನೊಬ್ಬ ರೈತ. ಹೆಂಡತಿಯರ ಹೆಸರೂ ಬೇರೆ. ರೈತನ ಹೆಂಡತಿಯ ಹೆಸರು ನಮ್ಮ 1763ರ ಹುಡುಗನ ಜನನ ದಾಖಲೆಯಲ್ಲಿನ ತಾಯಿಯ ಹೆಸರಿಗೆ ಹೊಂದಿತು. ಹಾಜರಿ ಪಟ್ಟಿ ಹೆಸರಿಸಿದ ತಂದೆಯ ಉಯಿಲಿನಲ್ಲಿ ಹೊಲವನ್ನು ಪಡೆದ ಮಗನೂ ಈ ರೈತನೇ, ಆ ಹೊಲವನ್ನು ಮುಂದೆ ಇದೇ ದಂಪತಿ ಮಾರಿದ್ದಾರೆ.

ಪಟ್ಟಿಯ ಪ್ರಕಾರ ಆತ ಮಾರ್ಚ್ ಕೊನೆಯಿಂದ ನವೆಂಬರ್‌ವರೆಗೆ ಸೇವೆಯಲ್ಲಿದ್ದ. ಆ ಜುಲೈ 8ರಂದು ಟೈಕಾಂಡರೋಗಾ ಕೋಟೆಯ ಎದುರು ಬ್ರಿಟಿಷ್ ಸೇನಾಪತಿ ಅಬರ್‌ಕ್ರಾಂಬಿಯ ದೊಡ್ಡ ಸೈನ್ಯ ಫ್ರೆಂಚ್ ಸೇನಾಪತಿ ಮಾಂಕಾಮ್‌ನ ಸಣ್ಣ ಪಡೆಯಿಂದ ಸೋತು ಹಿಂದೆ ಸರಿಯಿತು, ಆತನ ರೆಜಿಮೆಂಟು ಆ ದಂಡಯಾತ್ರೆಯಲ್ಲಿತ್ತು. ಆದರೆ ಅಂದು ಹೆಚ್ಚಾಗಿ ಸತ್ತವರು ಮುಂದಿನ ಸಾಲಿನ ಬ್ರಿಟಿಷ್ ಖಾಯಂ ಸೈನಿಕರು. ಆದ್ದರಿಂದ ಮೊಮ್ಮಕ್ಕಳಿಗಾಗಿ ಬರೆದಿಟ್ಟ ವಂಶಾವಳಿಯಲ್ಲಿ "ಟೈಕಾಂಡರೋಗಾದಲ್ಲಿ ಕಾದಿದ" ಎಂದು ಬರೆಯದೆ, "1758ರ ದಂಡಯಾತ್ರೆಯ ರೆಜಿಮೆಂಟಿನಲ್ಲಿ ಸೇವೆ ಸಲ್ಲಿಸಿದ" ಎಂದಷ್ಟೇ ಬರೆದು, ಅದರ ಕೆಳಗೆ ಹಾಜರಿ ಪಟ್ಟಿ, ಉಯಿಲು ಮತ್ತು ಕ್ರಯಪತ್ರದ ಪ್ರತಿಗಳನ್ನು ಲಗತ್ತಿಸಿದ್ದೇನೆ.